ಲೇಔಟ್ ನಕ್ಷೆಯಲ್ಲಿ ‘ಏರ್ ಟ್ಯಾಕ್ಸಿ ನಿಲ್ದಾಣ’ ಅಂತ ಬರೆದಿದ್ದಾರೆ, ಇದಕ್ಕೆ ಅನುಮತಿ ಕೊಡುವವರು ಯಾರು?

ನವನಗರದವ

ಎಲ್ಲರಿಗೂ ನಮಸ್ಕಾರ. ಒಂದು ಗೊಂದಲ ಇದೆ, ತಿಳಿದವರು ದಯವಿಟ್ಟು ಹೇಳಿ.

ನಮ್ಮ ಅಪ್ಪ ರಿಟೈರ್ ಆಗಿ ಎರಡು ವರ್ಷ ಆಯಿತು. ಬಂದ ದುಡ್ಡಿನಲ್ಲಿ ಒಂದು ಪ್ಲಾಟ್ ತಗೋಬೇಕು ಅಂತ ಹುಬ್ಬಳ್ಳಿ-ಧಾರವಾಡ ಬೈಪಾಸ್ ಕಡೆ ನೋಡುತ್ತಿದ್ದಾರೆ. ಹೋದ ವಾರ ಒಬ್ಬ ಏಜೆಂಟ್ ನಕ್ಷೆ ತೋರಿಸಿದ. ಅದರಲ್ಲಿ ಒಂದು ಮೂಲೆಯ ಎಂಟು ಗುಂಟೆ ಜಾಗಕ್ಕೆ ಹಸಿರು ಬಣ್ಣ ಹಚ್ಚಿ ‘ಏರ್ ಟ್ಯಾಕ್ಸಿ ನಿಲ್ದಾಣ, ಸಾರ್ವಜನಿಕ’ ಅಂತ ಬರೆದಿದೆ. ಇಲ್ಲಿಂದ ಏರ್‌ಪೋರ್ಟ್‌ಗೆ ಐದು ನಿಮಿಷ, ಮುಂದೆ ಬೆಳಗಾವಿ, ಗೋವಾ ಎಲ್ಲಾ ಇಲ್ಲಿಂದಲೇ, ರಾಜ್ಯ ಸರ್ಕಾರದ್ದು ಎಲ್ಲಾ ಕ್ಲಿಯರ್ ಆಗಿದೆ, ಆರು ತಿಂಗಳಲ್ಲಿ ರೇಟ್ ಡಬಲ್ ಅಂತ ಹೇಳಿದ. ಅದಕ್ಕೇ ಗುಂಟೆಗೆ ಪಕ್ಕದ ಲೇಔಟ್‌ಗಿಂತ ಜಾಸ್ತಿ ಕೇಳುತ್ತಿದ್ದಾನೆ.

ಅಪ್ಪ ಅರ್ಧ ನಂಬಿದ್ದಾರೆ. ಪೇಪರ್‌ನಲ್ಲಿ ಬೆಂಗಳೂರಿನ ಹಾರುವ ಟ್ಯಾಕ್ಸಿ ಸುದ್ದಿ ಓದಿದ್ದಾರಲ್ಲ, ಅದು ತಲೆಯಲ್ಲಿ ಕೂತಿದೆ. ನನಗೆ ಎರಡು ವಿಷಯ ಗೊತ್ತಾಗಬೇಕು. ಇಂಥ ಇಳಿದಾಣಕ್ಕೆ ಅನುಮತಿ ಕೊಡುವವರು ಯಾರು, ದಿಲ್ಲಿಯವರೋ, ಬೆಂಗಳೂರಿನವರೋ, ನಮ್ಮ ಪಾಲಿಕೆಯೋ? ಇನ್ನೊಂದು, ‘ಸಾರ್ವಜನಿಕ’ ಅಂದರೆ ಏನು? ನಾಳೆ ನಮ್ಮ ಮನೆಯ ಪಕ್ಕದಲ್ಲೇ ಅದು ಬಂದರೆ ನಾವು ಬೇಡ ಅನ್ನೋಕೆ ಆಗುತ್ತಾ?

ಗೋಕುಲ ರೋಡ್

ಮೊದಲು ಒಂದು ಮಾತು. ಈ ವಿಷಯ ಮುಗಿಯುವ ತನಕ ಅಪ್ಪಾಜಿ ಸಂಚಕಾರ ಕೊಡಬಾರದು. ಒಂದು ಸಾವಿರ ರೂಪಾಯಿಯೂ ಬೇಡ.

ವಿಮಾನ ನಿಲ್ದಾಣದಲ್ಲಿ ಬಹಳ ವರ್ಷ ಗ್ರೌಂಡ್ ಕೆಲಸ ಮಾಡಿದವನು ನಾನು, ಹಾಗಾಗಿ ಈ ಕಾನೂನುಗಳನ್ನು ಓದುವ ಅಭ್ಯಾಸ ಇದೆ. ‘ರಾಜ್ಯ ಸರ್ಕಾರದ್ದು ಕ್ಲಿಯರ್ ಆಗಿದೆ’ ಅನ್ನುವ ಮಾತಲ್ಲೇ ತಪ್ಪಿದೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೇಂದ್ರ ಪಟ್ಟಿಯ 29ನೇ ನಮೂದು ನೋಡಿ. ವಾಯುಮಾರ್ಗ, ವಿಮಾನ, ವಿಮಾನ ನಿಲ್ದಾಣ ಒದಗಿಸುವುದು, ಅವನ್ನು ನಿಯಂತ್ರಿಸುವುದು, ಎಲ್ಲಾ ಕೇಂದ್ರದ್ದೇ. 1934ರ ವಿಮಾನ ಕಾಯ್ದೆ ಹೋಗಿ ಭಾರತೀಯ ವಾಯುಯಾನ ಅಧಿನಿಯಮ ಬಂತು, 2025ರ ಜನವರಿ 1ರಿಂದ ಜಾರಿಯಲ್ಲಿದೆ. ಅದರಲ್ಲೂ ಹಿಡಿತ ದಿಲ್ಲಿಯದೇ. ಈ ಏರ್ ಟ್ಯಾಕ್ಸಿ ಇಳಿಯುವ ಜಾಗಕ್ಕೆ ವರ್ಟಿಪೋರ್ಟ್ ಅಂತಾರೆ. ಓಡುದಾರಿ ಬೇಡ, ನೆಟ್ಟಗೆ ಏರಿ ನೆಟ್ಟಗೆ ಇಳಿಯುತ್ತದೆ. ಅದರ ಬಗ್ಗೆ ಕೇಂದ್ರದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ 2024ರಲ್ಲಿ ಸುತ್ತೋಲೆ ಹೊರಡಿಸಿದೆ. ಇಳಿದಾಣ ಸುರಕ್ಷಿತವೋ ಅಲ್ಲವೋ ಅಂತ ಹೇಳಬೇಕಾದವರು ಅವರು.

ಹಾಗಂತ ರಾಜ್ಯಕ್ಕೆ ಏನೂ ಇಲ್ಲ ಅಂತಲ್ಲ. ರಾಜ್ಯ ಪಟ್ಟಿಯ 18ನೇ ನಮೂದು ಜಮೀನು, 5ನೇದು ಸ್ಥಳೀಯ ಆಡಳಿತ. ಆಕಾಶ ಅವರದು, ನೆಲ ನಮ್ಮದು. ಜಮೀನು ಎನ್‌ಎ, ಅಂದರೆ ಕೃಷಿಯೇತರ, ಮಾಡುವುದು ಇಲ್ಲಿ, ಮಾಸ್ಟರ್ ಪ್ಲಾನ್‌ನಲ್ಲಿ ಯಾವ ಬಳಕೆಗೆ ಅಂತ ಬರೆಯುವುದು ಇಲ್ಲಿ, ಕಟ್ಟಡ ಪರವಾನಗಿ, ಅಗ್ನಿಶಾಮಕ, ರಸ್ತೆ, ಕರೆಂಟು ಎಲ್ಲಾ ಇಲ್ಲಿ. ದಿಲ್ಲಿಯವರು ಹೂಂ ಅಂದರೂ ಈ ಕಾಗದಗಳು ಇಲ್ಲದೆ ಒಂದು ಇಟ್ಟಿಗೆ ಇಡೋಕೆ ಬರಲ್ಲ.

ಇಲ್ಲಿ ಬಹಳ ಜನ ಡ್ರೋನ್ ನಿಯಮಕ್ಕೂ ಇದಕ್ಕೂ ಕಲಸಿ ಬಿಡುತ್ತಾರೆ. 2021ರ ಡ್ರೋನ್ ನಿಯಮ 500 ಕೆಜಿವರೆಗಿನ, ಒಳಗೆ ಪೈಲಟ್ ಇಲ್ಲದ ಯಂತ್ರಗಳಿಗೆ. ಅದರಲ್ಲಿ ರಾಜ್ಯಕ್ಕೆ ಸ್ವಲ್ಪ ಅಧಿಕಾರ ಕೊಟ್ಟಿದ್ದಾರೆ. ಎಸ್‌ಪಿ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿ ಒಂದು ಪ್ರದೇಶವನ್ನು ತಾತ್ಕಾಲಿಕ ಕೆಂಪು ವಲಯ, ಅಂದರೆ ಅನುಮತಿ ಇಲ್ಲದೆ ಡ್ರೋನ್ ಹಾರಿಸಬಾರದ ಜಾಗ, ಅಂತ ಘೋಷಿಸಬಹುದು, ಅದೂ 96 ಗಂಟೆ ಮಾತ್ರ. ಅಂದರೆ ನಾಲ್ಕೇ ದಿನ. ಆಕಾಶದ ವಿಷಯದಲ್ಲಿ ರಾಜ್ಯದ ಕೈ ಎಷ್ಟು ಉದ್ದ ಅಂತ ಇದರಲ್ಲೇ ತಿಳಿಯುತ್ತದೆ ಅಲ್ವಾ?

ಇನ್ನು ನಿಮ್ಮ ನಕ್ಷೆಯ ಹಸಿರು ಬಣ್ಣ. ಲೇಔಟ್ ನಕ್ಷೆಯಲ್ಲಿ ಹಸಿರು ಅಂದರೆ ಸಾಮಾನ್ಯವಾಗಿ ಉದ್ಯಾನಕ್ಕೆ ಬಿಟ್ಟ ಜಾಗ. ಏಜೆಂಟ್ ತೋರಿಸಿದ ಕಾಗದ ಬಿಡಿ, ಹುಡಾ (ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ) ಮಂಜೂರು ಮಾಡಿದ ನಕ್ಷೆಯ ದೃಢೀಕೃತ ನಕಲು ತೆಗೆಸಿ. ಅದರಲ್ಲಿ ಆ ಎಂಟು ಗುಂಟೆಗೆ ಏನು ಬರೆದಿದ್ದಾರೆ ನೋಡಿ ಇಲ್ಲಿ ತಿಳಿಸಿ.

ಕರಿಮಣ್ಣು

ಸಿವಿಲ್ ಕೆಲಸದವನು, ಅಣ್ಣಿಗೇರಿ. ಎಂಟು ಗುಂಟೆ ಅಂತ ಓದಿದ ಕೂಡಲೇ ಲೆಕ್ಕ ಹಾಕಿದೆ.

ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 2022ರಲ್ಲಿ ವರ್ಟಿಪೋರ್ಟ್ ವಿನ್ಯಾಸದ ಮೊದಲ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಎಲ್ಲಾ ಅಳತೆಯೂ ಯಂತ್ರದ ಅಗಲದ ಮೇಲೆ ನಿಂತಿದೆ. ಯಂತ್ರ ಪೂರ್ತಿ ಒಳಗೆ ಹಿಡಿಯುವಂತೆ ಒಂದು ವೃತ್ತ ಎಳೆದರೆ ಅದರ ವ್ಯಾಸವೇ ಅಳತೆ. ಚಕ್ರ ಊರುವ ಜಾಗ ಅದರ ಒಂದು ಪಟ್ಟು, ಸುತ್ತ ಇಳಿಯುವ-ಏರುವ ಜಾಗ ಎರಡು ಪಟ್ಟು, ಅದರ ಸುತ್ತ ಖಾಲಿ ಬಿಡಬೇಕಾದ ಸುರಕ್ಷತಾ ಜಾಗ ಸೇರಿದರೆ ಮೂರು ಪಟ್ಟು. ಅವರು ಲೆಕ್ಕಕ್ಕೆ ಹಿಡಿದ ಯಂತ್ರ 50 ಅಡಿ, ನಮ್ಮ ಅಳತೆಯಲ್ಲಿ ಸುಮಾರು 15 ಮೀಟರ್. ಮೂರು ಪಟ್ಟು ಅಂದರೆ 45 ಮೀಟರ್. 45 ಗುಣಿಸು 45, 2025 ಚದರ ಮೀಟರ್. ಅಂದರೆ ಹೆಚ್ಚುಕಡಿಮೆ 20 ಗುಂಟೆ, ಅರ್ಧ ಎಕರೆ. ಇದು ಒಂದೇ ಒಂದು ಯಂತ್ರ ಇಳಿಯೋಕೆ. ನಿಲ್ಲಿಸೋಕೆ, ಚಾರ್ಜ್ ಮಾಡೋಕೆ, ಜನ ಕೂರೋಕೆ, ಗಾಡಿ ಪಾರ್ಕಿಂಗ್‌ಗೆ, ಅಗ್ನಿಶಾಮಕ ವಾಹನ ತಿರುಗೋಕೆ ಇನ್ನೂ ಬೇರೆ. ಎಂಟು ಗುಂಟೆಯಲ್ಲಿ ಏನೂ ಆಗುವುದಿಲ್ಲ.

ಇನ್ನು ಅದರ ಬರುವ-ಹೋಗುವ ದಾರಿ. ಅಲ್ಲಿ ಹೆಲಿಪೋರ್ಟ್‌ಗೆ ಇರುವ ಲೆಕ್ಕ ಎಂಟಕ್ಕೆ ಒಂದು. ಇಳಿದಾಣದ ಅಂಚಿನಿಂದ 80 ಮೀಟರ್ ದೂರದಲ್ಲಿ 10 ಮೀಟರ್‌ಗಿಂತ ಎತ್ತರ ಏನೂ ಇರಬಾರದು, 40 ಮೀಟರ್‌ನಲ್ಲಿ 5 ಮೀಟರ್. ಸುತ್ತಲೂ ಅಲ್ಲ, ಹಾರುವ ದಾರಿಯ ಕೆಳಗೆ ಮಾತ್ರ, ಆದರೆ ಆ ದಾರಿ 4,000 ಅಡಿ ತನಕ ಹೋಗುತ್ತದೆ, ಅಂದರೆ ಒಂದು ಕಿಲೋಮೀಟರ್‌ಗಿಂತ ಜಾಸ್ತಿ. ಲೇಔಟ್ ಮಧ್ಯೆ ಇದನ್ನು ಇಟ್ಟರೆ ಆ ಸಾಲಿನ ಪ್ಲಾಟ್‌ನವರು ಮೇಲಿನ ಮಹಡಿ ಏರಿಸೋಕೆ ಬರುತ್ತಾ? ತೆಂಗಿನಮರ? ಪ್ಲಾಟ್ ರೇಟ್ ಡಬಲ್ ಆಗುತ್ತದೆ ಅಂತ ಹೇಳುವವರು ಇದನ್ನು ಹೇಳುವುದಿಲ್ಲ.

ನಮ್ಮ ಮಣ್ಣಿನ ಮಾತೂ ಇದೆ. ಹುಬ್ಬಳ್ಳಿಯಿಂದ ನವಲಗುಂದ, ಗದಗ ಕಡೆ ಹೋದರೆ ಎಲ್ಲಾ ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೇಲೆ ಸುಮ್ನೆ ಕಾಂಕ್ರೀಟ್ ಹಾಸಿದರೆ ಎರಡು ವರ್ಷಕ್ಕೆ ಸೀಳುತ್ತದೆ, ಮಣ್ಣು ತೆಗೆದು ಮುರ್ರಂ ತುಂಬಿ ಗಟ್ಟಿ ಮಾಡಬೇಕು. ಎಲೆಕ್ಷನ್ ಟೈಮಲ್ಲಿ ನಮ್ಮ ಕಡೆ ಹೆಲಿಕಾಪ್ಟರ್ ಇಳಿಯುವಾಗ ಏನು ಮಾಡುತ್ತಾರೆ ನೋಡಿದ್ದೀರಲ್ಲ? ಸುಣ್ಣದಲ್ಲಿ ಎಚ್ ಬರೆದು, ಟ್ಯಾಂಕರ್‌ನಲ್ಲಿ ನೀರು ಹೊಡೆಯುತ್ತಾರೆ. ಆದರೂ ಧೂಳು ಏಳುತ್ತದೆ. 2023ರ ಮಾರ್ಚ್‌ನಲ್ಲಿ ಜೇವರ್ಗಿಯಲ್ಲಿ ಯಡಿಯೂರಪ್ಪನವರ ಹೆಲಿಕಾಪ್ಟರ್ ಇಳಿಯುವಾಗ ಮೈದಾನದ ಪ್ಲಾಸ್ಟಿಕ್ ಹಾಳೆ, ಚೀಲ ಮೇಲೆ ಎದ್ದು ಪೈಲಟ್ ಮತ್ತೆ ಮೇಲೇರಿಸಿದ. ಏನೂ ಆಗಲಿಲ್ಲ, ಪುಣ್ಯ. ಅದು ಒಂದು ದಿನದ ಹೆಲಿಪ್ಯಾಡ್. ದಿನಕ್ಕೆ ಹತ್ತು ಸಲ ಇಳಿಯುವ ಜಾಗದ ಸುತ್ತ ಕಸ ಎತ್ತುವ ಜವಾಬ್ದಾರಿ ಯಾರದು ಅಂತ ಮೊದಲೇ ಬರೆದಿರಬೇಕು.

ಗದಗದ ಸಿಸ್ಟರ್

ಎಲ್ಲರೂ ಬೇಡ ಬೇಡ ಅನ್ನುವ ಹಾಗೆ ಕಾಣುತ್ತಿದೆ. ನನ್ನ ಮಾತು ಸ್ವಲ್ಪ ಬೇರೆ ಇದೆ ಅಣ್ಣಾ.

ನಾನು ನರ್ಸ್. ತಲೆಗೆ ಪೆಟ್ಟಾದವರನ್ನು, ಸುಟ್ಟವರನ್ನು ಗದಗದಿಂದ ಹುಬ್ಬಳ್ಳಿಗೆ ಕಳಿಸುವಾಗ ಆಂಬ್ಯುಲೆನ್ಸ್‌ನಲ್ಲಿ ಹೋಗಿದ್ದೇನೆ. ಸುಮಾರು 60 ಕಿಲೋಮೀಟರ್. ಹಗಲು, ದಾರಿ ಖಾಲಿ ಇದ್ದರೆ ಸರಿ. ಮುಂಡರಗಿ, ರೋಣ ಕಡೆಯಿಂದ ಬಂದವರಿಗೆ ಅದಕ್ಕೂ ಮೊದಲೇ ಒಂದು ಗಂಟೆ ಹೋಗಿರುತ್ತದೆ. ಒಂದು ರಾತ್ರಿ ಒಬ್ಬ ಹುಡುಗನನ್ನು ಕರೆದುಕೊಂಡು ಹೋಗುವಾಗ ಅವನ ಅವ್ವ ಪೂರ್ತಿ ದಾರಿ ನನ್ನ ಕೈ ಬಿಡಲಿಲ್ಲ, ‘ಇನ್ನ ಎಷ್ಟು ದೂರ ಅಕ್ಕಾ’ ಅಂತ ಕೇಳುತ್ತಲೇ ಇದ್ದಳು. ಅಂಥ ರಾತ್ರಿ ಕಂಡವರಿಗೆ ಹಾರುವ ಆಂಬ್ಯುಲೆನ್ಸ್ ಅನ್ನುವುದು ಶ್ರೀಮಂತರ ಆಟ ಅಂತ ಅನ್ನಿಸುವುದಿಲ್ಲ.

ಚೆನ್ನೈನಲ್ಲಿ ಐಐಟಿ ಮದ್ರಾಸಿನಿಂದ ಬೆಳೆದ ಇಪ್ಲೇನ್ ಕಂಪನಿ ಇಂಥ ಎಲೆಕ್ಟ್ರಿಕ್ ಯಂತ್ರ ಮಾಡುತ್ತಿದೆ. ಏರ್ ಆಂಬ್ಯುಲೆನ್ಸ್‌ಗೆ ಅಂತ 788 ಯಂತ್ರಗಳ ಒಪ್ಪಂದ 2025ರಲ್ಲಿ ಆಗಿದೆ. ಯಂತ್ರ ಬರಲಿ, ಬರುವುದು ತಡವಾಗಲಿ, ಇಳಿಯುವ ಜಾಗವನ್ನು ಈಗಲೇ ಹಿಡಿದು ಇಡಬೇಕು ಅನ್ನುವುದು ನನ್ನ ಆಸೆ. ಬೈಪಾಸ್ ಪಕ್ಕದ ಲೇಔಟ್‌ನಲ್ಲಿ ಅಲ್ಲ, ದೊಡ್ಡ ಸರ್ಕಾರಿ ಆಸ್ಪತ್ರೆಗಳ ಹತ್ತಿರ. ಗದಗ, ಹಾವೇರಿ, ಹುಬ್ಬಳ್ಳಿಯ ಕಿಮ್ಸ್. ಆಸ್ಪತ್ರೆಯ ಆವರಣದಲ್ಲಿ ಖಾಲಿ ಇರುವ ಜಾಗಕ್ಕೆಲ್ಲಾ ಹೊಸ ಕಟ್ಟಡ ಬಂದ ಮೇಲೆ ಯಾರು ಏನು ಮಾಡೋಕೆ ಆಗುತ್ತೆ? ಅರ್ಧ ಎಕರೆ ಅಂತ ಮೇಲಿನ ಅಣ್ಣ ಹೇಳಿದರಲ್ಲ, ಅಷ್ಟು ಬಿಟ್ಟುಕೊಂಡರೆ ಸಾಕು. ಈಗ ಅಲ್ಲಿ ಹೆಲಿಕಾಪ್ಟರ್ ಇಳಿಯಬಹುದು, ಮುಂದೆ ಇದು ಇಳಿಯಬಹುದು.

ಇನ್ನೊಂದು ವಿಷಯ, ಹಕ್ಕಿಗಳು. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಸಾವಿರಗಟ್ಟಲೆ ಬರುತ್ತವೆ, 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಬೆಳಗ್ಗೆ ಸಂಜೆ ಹೊಲಕ್ಕೆ ಹೋಗಿ ಬರುತ್ತವೆ, ಗುಂಪು ಗುಂಪಾಗಿ. 2023ರ ಮೇ ತಿಂಗಳಲ್ಲಿ ಹೊಸಕೋಟೆ ಹತ್ತಿರ ಡಿ.ಕೆ. ಶಿವಕುಮಾರ್ ಅವರ ಹೆಲಿಕಾಪ್ಟರ್‌ಗೆ ಒಂದು ಹದ್ದು ಬಡಿದು ಗಾಜು ಒಡೆದು ವಾಪಸ್ ಇಳಿಯಬೇಕಾಯಿತು. ಒಂದೇ ಹಕ್ಕಿ. ಹಾರುವ ದಾರಿ ಗೆರೆ ಎಳೆಯುವ ದಿಲ್ಲಿಯವರಿಗೆ ಮಾಗಡಿ ಕೆರೆ ಎಲ್ಲಿದೆ ಅಂತ ಹೇಳುವವರು ನಮ್ಮ ಜಿಲ್ಲೆಯವರೇ ಆಗಬೇಕು. ಅರಣ್ಯ ಇಲಾಖೆಯವರನ್ನು ಮೊದಲ ಮೀಟಿಂಗ್‌ಗೇ ಕರೆಯಬೇಕು.

ಸಪ್ತಾಪುರದವ, ಈಗ ಸ್ಯಾನ್ ಹೋಸೆ

ಧಾರವಾಡದ ಹುಡುಗ, ಕ್ಯಾಲಿಫೋರ್ನಿಯಾದಲ್ಲಿ ಇದ್ದೇನೆ. ಈ ಯಂತ್ರ ಮಾಡುವ ಜೋಬಿ, ಆರ್ಚರ್ ಎರಡೂ ಇದೇ ರಾಜ್ಯದವು, ಹಾಗಾಗಿ ಇಲ್ಲಿ ಇದರ ಮಾತು ಬಹಳ. ನಿಮ್ಮ ಪ್ರಶ್ನೆ ಇಲ್ಲಿಯೂ ಹಾಗೇ ಇದೆ. ಆಕಾಶ ಪೂರ್ತಿ ವಾಷಿಂಗ್ಟನ್‌ನ ಎಫ್‌ಎಎ ಕೈಯಲ್ಲಿ. ಆದರೆ ನೆಲದ ಮೇಲೆ ಇಳಿದಾಣ ಎಲ್ಲಿ ಇರಬೇಕು ಅಂತ ಎಫ್‌ಎಎ ತೀರ್ಮಾನ ಮಾಡುವುದಿಲ್ಲ. ಕಟ್ಟುವವರು 90 ದಿನ ಮೊದಲೇ ಎಫ್‌ಎಎಗೆ ನೋಟಿಸ್ ಕೊಡಬೇಕು, ಅವರು ಹಾರಾಟಕ್ಕೆ ತೊಂದರೆ ಇದೆಯೋ ಇಲ್ಲವೋ ನೋಡಿ ಅಭಿಪ್ರಾಯ ಹೇಳುತ್ತಾರೆ. ಜಾಗದ ಒಪ್ಪಿಗೆ ಊರಿನದು, ರಾಜ್ಯದ್ದು.

ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ನನಗೆ ಬಹಳ ಹಿಡಿಸಿದ್ದು ಅದರ ಕ್ರಮ. ಊರಿನ ನಗರಸಭೆಯೋ ಕೌಂಟಿ ಮಂಡಳಿಯೋ ಮೊದಲು ಯೋಜನೆಗೆ ಒಪ್ಪಬೇಕು. ಆಮೇಲೆ ರಾಜ್ಯದ ಸಾರಿಗೆ ಇಲಾಖೆಯ ವಿಮಾನಯಾನ ವಿಭಾಗ ಪರ್ಮಿಟ್ ಕೊಡುತ್ತದೆ. ಊರಿನವರ ಮುಂದೆ ಮೊದಲು, ಮೇಲಿನವರ ಹತ್ತಿರ ಆಮೇಲೆ. ನಮ್ಮಲ್ಲಿ ಹೆಚ್ಚಾಗಿ ಉಲ್ಟಾ ಆಗುತ್ತದೆ. ಮೇಲೆ ಎಲ್ಲಾ ಮುಗಿದ ಮೇಲೆ ವಾರ್ಡ್‌ನವರಿಗೆ ಪೇಪರ್ ನೋಡಿ ಗೊತ್ತಾಗುತ್ತದೆ.

ಈ ಕ್ರಮ ಯಾಕೆ ಬೇಕು ಅಂದರೆ, 1977ರ ಮೇ 16ರಂದು ನ್ಯೂಯಾರ್ಕಿನ ಪ್ಯಾನ್ ಆಮ್ ಕಟ್ಟಡದ ತಾರಸಿಯ ಹೆಲಿಪ್ಯಾಡ್‌ನಲ್ಲಿ ನಿಂತಿದ್ದ ಹೆಲಿಕಾಪ್ಟರ್‌ನ ಚಕ್ರದ ಕಾಲು ಮುರಿದು ಪಕ್ಕಕ್ಕೆ ಉರುಳಿತು. ತಾರಸಿಯ ಮೇಲೆ ನಾಲ್ವರು ಸತ್ತರು. ಐದನೆಯವರು ಕೆಳಗೆ ರಸ್ತೆಯಲ್ಲಿ ನಡೆದು ಹೋಗುತ್ತಿದ್ದ ಹೆಂಗಸು, ಮುರಿದ ರೆಕ್ಕೆಯ ತುಂಡು ಮೈಮೇಲೆ ಬಿದ್ದು ಸತ್ತರು. ಅವರು ಹೆಲಿಕಾಪ್ಟರ್ ಟಿಕೆಟ್ ತಗೊಂಡವರಲ್ಲ. ಇಳಿದಾಣದ ನಿರ್ಧಾರದಲ್ಲಿ ಹಾರದೇ ಇರುವವರ ಮಾತು ನಡೆಯಬೇಕು ಅನ್ನುವುದು ನನಗೆ ಇದನ್ನು ಓದಿದ ದಿನದಿಂದ ಗಟ್ಟಿಯಾಗಿದೆ.

‘ಸಾರ್ವಜನಿಕ’ ಅನ್ನುವ ಪದದ ಬಗ್ಗೆ ಕೇಳಿದ್ದೀರಿ. ಅದೇ ದೊಡ್ಡ ಪ್ರಶ್ನೆ. ಇಲ್ಲಿ ಫೆಡರಲ್ ದುಡ್ಡು ಪಡೆದ ವಿಮಾನ ನಿಲ್ದಾಣ ಒಂದೇ ಕಂಪನಿಗೆ ಏಕಹಕ್ಕು ಕೊಡುವ ಹಾಗಿಲ್ಲ. ದುಬೈ ಬೇರೆ ದಾರಿ ಹಿಡಿಯಿತು, 2024ರಲ್ಲಿ ಜೋಬಿಗೆ ಆರು ವರ್ಷ ಏಕಹಕ್ಕು ಕೊಟ್ಟಿತು. ಅವರ ಊರು, ಅವರ ಲೆಕ್ಕ. ಆದರೆ ನಮ್ಮ ಪಾಲಿಕೆಯ ಜಾಗ, ನಮ್ಮ ತೆರಿಗೆ ದುಡ್ಡು ಹಾಕಿ ಒಂದೇ ಕಂಪನಿಗೆ ಕೊಟ್ಟರೆ ಅದನ್ನು ಸಾರ್ವಜನಿಕ ಅಂತ ಕರೆಯೋಕೆ ನಾನು ಒಪ್ಪುವುದಿಲ್ಲ. ಕಂಪನಿ ಮುಳುಗಿದರೆ ಏನು ಅಂತಲೂ ಬರೆಸಿಕೊಳ್ಳಬೇಕು. 2024ರ ಕೊನೆಗೆ ಇಂಥದೇ ಯಂತ್ರ ಮಾಡುವ ಜರ್ಮನಿಯ ಲಿಲಿಯಂ, ವೋಲೋಕಾಪ್ಟರ್ ಎರಡೂ ದಿವಾಳಿ ಅರ್ಜಿ ಹಾಕಿದವು. ಅದೇ ವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಜನರನ್ನು ಹಾರಿಸುತ್ತೇವೆ ಅಂತ ಹೇಳಿದ್ದ ವೋಲೋಕಾಪ್ಟರ್ ಅದು, ಹಾರಿಸಲಿಲ್ಲ.

ಗೋಕುಲ ರೋಡ್

ಸರಿಯಾಗಿ ಹೇಳಿದಿರಿ. ನಮ್ಮಲ್ಲೂ ವಿಮಾನ ನಿಲ್ದಾಣದ ಲೈಸೆನ್ಸ್ ಎರಡು ಥರ ಇದೆ, ಸಾರ್ವಜನಿಕ ಬಳಕೆ, ಖಾಸಗಿ ಬಳಕೆ. ಯಾವುದು ಅಂತ ಮೊದಲ ದಿನವೇ ಕೇಳಬೇಕು. ದರದ ವಿಷಯದಲ್ಲಿ ಒಂದು ದೊಡ್ಡ ಕಿಂಡಿ ಇದೆ. ವಿಮಾನ ನಿಲ್ದಾಣಗಳ ಶುಲ್ಕ ನಿಗದಿ ಮಾಡುವ ಎಇಆರ್‌ಎ ಅನ್ನುವ ಪ್ರಾಧಿಕಾರ ದೊಡ್ಡ ನಿಲ್ದಾಣಗಳನ್ನಷ್ಟೇ ನೋಡುತ್ತದೆ. 2019ರಲ್ಲಿ ಕಾಯ್ದೆ ತಿದ್ದಿ ಆ ಮಿತಿಯನ್ನು ವರ್ಷಕ್ಕೆ 35 ಲಕ್ಷ ಪ್ರಯಾಣಿಕರಿಗೆ ಏರಿಸಿದರು. ಅರ್ಧ ಎಕರೆಯ ಇಳಿದಾಣ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಹಾಗಾಗಿ ಇಳಿಯುವ ಶುಲ್ಕ ಎಷ್ಟು, ಆಂಬ್ಯುಲೆನ್ಸ್‌ಗೆ ಮಾಫಿಯೋ ಅಲ್ಲವೋ, ಎರಡನೇ ಕಂಪನಿಗೆ ಅದೇ ದರವೋ, ಇದನ್ನೆಲ್ಲಾ ಜಾಗದ ಲೀಸ್ ಕರಾರಿನಲ್ಲೇ ಹಾಕಬೇಕು. ಕರಾರು ಮಾಡುವುದು ಜಾಗದ ಮಾಲೀಕ. ಜಾಗ ಪಾಲಿಕೆಯದಾದರೆ ಪಾಲಿಕೆ. ರಾಜ್ಯ ಸರ್ಕಾರ ಇದಕ್ಕೆ ಒಂದು ಮಾದರಿ ಕರಾರು ಮಾಡಿ ಎಲ್ಲಾ ಪಾಲಿಕೆಗೂ ಕಳಿಸಿದರೆ ಅರ್ಧ ಜಗಳ ತಪ್ಪುತ್ತದೆ. ಇಲ್ಲದಿದ್ದರೆ ಒಂದೊಂದು ಊರಲ್ಲಿ ಒಂದೊಂದು ಥರ. 2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಅಂತ ಸಂಪುಟ ಒಪ್ಪಿತಲ್ಲ, ನಮ್ಮ 20 ಕಿಲೋಮೀಟರ್‌ನಲ್ಲೇ ಎರಡು ಥರ ಆಗಬಹುದು.

ಬೇಡ ಅನ್ನೋಕೆ ಆಗುತ್ತಾ ಅಂತ ಕೇಳಿದ್ದಕ್ಕೆ: ಭೂಬಳಕೆ ಬದಲಾವಣೆ ಆಗಬೇಕಾದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಪ್ರಕಟಣೆ ಕೊಡಬೇಕು, ಆಕ್ಷೇಪಣೆ ಹಾಕಬಹುದು. ಜಾಗ ಉದ್ಯಾನ ಅಥವಾ ಆಟದ ಮೈದಾನ ಆದರೆ 1985ರ ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ಸಂರಕ್ಷಣಾ ಕಾಯ್ದೆಯೂ ಅಡ್ಡ ಬರುತ್ತದೆ. ಪ್ರಕಟಣೆ ಬಂದ ದಿನ ಗೊತ್ತಾಗದೇ ಹೋಗುವುದೇ ನಮ್ಮ ಕಷ್ಟ.

ನವನಗರದವ

ಎಲ್ಲರಿಗೂ ಮನಸ್ಸಿನಿಂದ ಥ್ಯಾಂಕ್ಸ್. ಇವತ್ತು ಅಪ್ಪನನ್ನು ಕರೆದುಕೊಂಡು ಹೋಗಿ ಮಂಜೂರಾದ ನಕ್ಷೆ ನೋಡಿ ಬಂದೆ. ಆ ಎಂಟು ಗುಂಟೆಗೆ ‘ಉದ್ಯಾನ’ ಅಂತ ಬರೆದಿದೆ. ಏರ್ ಟ್ಯಾಕ್ಸಿ ಅನ್ನುವ ಪದ ಎಲ್ಲೂ ಇಲ್ಲ. ಅಪ್ಪ ಬಹಳ ಹೊತ್ತು ಆ ಕಾಗದ ನೋಡುತ್ತಾ ನಿಂತರು. ಆಮೇಲೆ ಹೊರಗೆ ಬಂದು ಏಜೆಂಟ್‌ಗೆ ಫೋನ್ ಮಾಡಿ ಬೇಡ ಅಂತ ಹೇಳಿದರು. ಸಂಚಕಾರ ಕೊಟ್ಟಿರಲಿಲ್ಲ.

ಅದೇ ಲೇಔಟ್‌ನಲ್ಲಿ ಈಗಾಗಲೇ ದುಡ್ಡು ಕಟ್ಟಿದ ಇಬ್ಬರು ಪರಿಚಯದವರಿದ್ದಾರೆ. ಅವರಿಗೂ ನಕಲು ಕಳಿಸಿದ್ದೇನೆ. ಅವರ ಉದ್ಯಾನದ ಜಾಗ ಉಳಿಯಬೇಕಲ್ಲ.

ಸಿಸ್ಟರ್ ಅಕ್ಕಾ, ನಿಮ್ಮ ಮಾತು ಅಪ್ಪನಿಗೆ ಓದಿ ಹೇಳಿದೆ. ಆಸ್ಪತ್ರೆ ಹತ್ತಿರ ಅರ್ಧ ಎಕರೆ ಬಿಡಿಸುವ ಬಗ್ಗೆ ಡಿಸಿ ಆಫೀಸಿಗೆ ಒಂದು ಮನವಿ ಬರೆಯೋಣ ಅಂತ ಅವರೇ ಹೇಳಿದರು, 33 ವರ್ಷ ಮೇಷ್ಟ್ರಾಗಿದ್ದವರು, ಬರೆಯುವುದು ಅವರಿಗೆ ಇಷ್ಟ. ಗದಗ, ಹಾವೇರಿ ಎರಡಕ್ಕೂ ಸೇರಿಸಿ ಬರೆಯುತ್ತೇವೆ. ಕರಿಮಣ್ಣು ಅವರೇ, ಆ 45 ಮೀಟರ್ ಲೆಕ್ಕವನ್ನು ಒಂದು ಸಣ್ಣ ಚಿತ್ರ ಬರೆದು ಕಳಿಸುತ್ತೀರಾ? ಮನವಿಗೆ ಲಗತ್ತಿಸಬೇಕು.

ಕರಿಮಣ್ಣು

ಇವತ್ತು ರಾತ್ರಿ ಕಳಿಸುತ್ತೇನೆ. ಹಾರುವ ದಾರಿಯ ಎಂಟಕ್ಕೆ ಒಂದು ಇಳಿಜಾರನ್ನೂ ಅದರಲ್ಲೇ ತೋರಿಸುತ್ತೇನೆ. ಆಸ್ಪತ್ರೆಯ ಹೊಸ ಕಟ್ಟಡ ಯಾವ ದಿಕ್ಕಿಗೆ ಏಳಬಾರದು ಅಂತ ನೋಡಿದ ಕೂಡಲೇ ತಿಳಿಯಬೇಕು.